ಒಂದು ಕೊಂಡಿಗೆ ಎಷ್ಟು ಇಂದ್ರಿಯ ಬೇಕು?

ಬಾದಾಮಿಯ ಮೊದಲನೆಯ ಗುಹೆಗೆ ಹೋದವರು ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತುಬಿಡುತ್ತಾರೆ. ಎಡಗಡೆಯ ಗೋಡೆಯಲ್ಲಿ ತ್ರಿಶೂಲ ಹಿಡಿದು ನಿಂತ ದ್ವಾರಪಾಲಕನ ಕಡೆ ಕಣ್ಣು ಹಾಯಿಸುವವರು ಕಡಿಮೆ. ಅವನ ಕೆಳಗೆ ಪುಟ್ಟದೊಂದು ಕೆತ್ತನೆಯಿದೆ. ಎರಡು ಪ್ರಾಣಿಗಳ ಮೈ, ಎರಡಕ್ಕೂ ಸೇರಿ ಒಂದೇ ತಲೆ. ಒಂದು ಮೈಯನ್ನು ಅಂಗೈಯಿಂದ ಮರೆಮಾಡಿ ನೋಡಿದರೆ ಆ ತಲೆ ಆನೆಯದು. ಇನ್ನೊಂದನ್ನು ಮರೆಮಾಡಿದರೆ ಅದೇ ತಲೆ ಬಸವನದು. ಕಲ್ಲು ಬದಲಾಗಿಲ್ಲ, ಬೆಳಕು ಬದಲಾಗಿಲ್ಲ. ಆದರೂ ಆನೆ ಕಂಡ ಗಳಿಗೆಯಲ್ಲಿ ಬಸವ ಕಾಣುವುದಿಲ್ಲ, ಬಸವ ಕಂಡಾಗ ಆನೆ ಮಾಯ. ಕಣ್ಣು ತಂದುಕೊಡುವ ಸುದ್ದಿಗೆ ಒಂದಕ್ಕಿಂತ ಹೆಚ್ಚು ಅರ್ಥ ಹೊಂದುವಾಗ ಮಿದುಳು ಸುತ್ತಲಿನ ಸುಳಿವುಗಳನ್ನು ನೋಡಿ ಒಂದನ್ನು ಆರಿಸಿಕೊಳ್ಳುತ್ತದೆ. ಆರನೆಯ ಶತಮಾನದ ಶಿಲ್ಪಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಂದೇ ಇಂದ್ರಿಯದೊಳಗೆ ಇಷ್ಟು ಗೊಂದಲವಿದ್ದರೆ ಎಲ್ಲ ಇಂದ್ರಿಯಗಳೂ ಸೇರಿದಾಗ ಏನಾಗಬೇಕು? ಕಣ್ಣಿಗೆ ಬರುವುದು ಬೆಳಕು. ಕಿವಿಗೆ ಬರುವುದು ಗಾಳಿಯ ಕಂಪನ. ಚರ್ಮಕ್ಕೆ ಒತ್ತಡ, ಒಳಗಿವಿಗೆ ತಲೆಯ ಓಲಾಟ, ಸ್ನಾಯುಗಳಿಗೆ ತಮ್ಮದೇ ಸೆಳೆತ. ಒಂದೊಂದರ ಭಾಷೆ ಬೇರೆ, ವೇಗ ಬೇರೆ, ಮಿದುಳಿಗೆ ಹೋಗುವ ದಾರಿ ಬೇರೆ. ಆದರೂ ನಮಗೆ ಸಿಗುವುದು ಒಂದೇ ಜಗತ್ತು, ಮತ್ತು ಆ ಜಗತ್ತಿನಲ್ಲಿ ಕೈ ಎಲ್ಲಿ ಚಾಚಬೇಕು, ಹೆಜ್ಜೆ ಎಲ್ಲಿ ಇಡಬೇಕು ಎಂಬ ಒಂದೇ ತೀರ್ಮಾನ. ಇದು ಹೇಗೆ ಸಾಧ್ಯ ಎಂಬುದನ್ನು ವಿಜ್ಞಾನಿಗಳು ಎಪ್ಪತ್ತು ವರ್ಷಗಳಿಂದ ಅಗೆಯುತ್ತ ಬಂದಿದ್ದಾರೆ. ಈವರೆಗೆ ಸಿಕ್ಕ ಉತ್ತರದ ತಿರುಳು ಹೀಗಿದೆ: ಮಿದುಳು ಯಾವ ಇಂದ್ರಿಯವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಆ ಹೊತ್ತಿಗೆ ಯಾವುದು ಎಷ್ಟು ಭರವಸೆಯದು ಎಂದು ಅಳೆದು, ಅಷ್ಟಷ್ಟೇ ಬೆಲೆ ಕೊಟ್ಟು ಕೂಡಿಸುತ್ತದೆ. ಆ ಅಳತೆಯನ್ನು ಅದು ಹುಟ್ಟುತ್ತ ತಂದದ್ದಲ್ಲ, ಬದುಕುತ್ತ, ದುಡಿಯುತ್ತ ಕಲಿತದ್ದು. ನಮ್ಮ ಬಾಗಲಕೋಟೆ ಜಿಲ್ಲೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಇಲ್ಲಿ ಸಾವಿರಾರು ಮನೆಗಳ ಒಲೆ ಉರಿಯುವುದೇ ಕಣ್ಣು, ಕಿವಿ, ಕೈ, ಕಾಲುಗಳ ಈ ಹೊಂದಾಣಿಕೆಯಿಂದ.

ಇಳಕಲ್ಲಿನ ಕುಣಿಮಗ್ಗದ ಮುಂದೆ ಸ್ವಲ್ಪ ಹೊತ್ತು ಕೂತು ನೋಡಬೇಕು. ನೇಕಾರ ನೆಲಮಟ್ಟದಲ್ಲಿ ಕೂತಿರುತ್ತಾನೆ, ಕಾಲುಗಳು ಕುಣಿಯೊಳಗೆ. ಒಂದು ಪಾದ ಒತ್ತಿದಾಗ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ. ನಡುವೆ ತೆರೆದ ಸಂದಿಯಲ್ಲಿ ಲಾಳಿ ಓಡುತ್ತದೆ. ಒಂದು ಕೈ ಹಲಗೆಯನ್ನು ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಮತ್ತೆ ಇನ್ನೊಂದು ಪಾದ. ಇದೆಲ್ಲ ನಡೆಯುವಾಗ ಅವನು ತನ್ನ ಕಾಲುಗಳನ್ನು ಒಮ್ಮೆಯೂ ನೋಡುವುದಿಲ್ಲ. ನೋಡಿದರೂ ಅವು ಕಾಣುವುದಿಲ್ಲ. ಪಾದ ಎಲ್ಲಿದೆ, ಎಷ್ಟು ಒತ್ತಿದೆ ಎಂದು ತಿಳಿಸುವುದು ಸ್ನಾಯು ಮತ್ತು ಕೀಲುಗಳೊಳಗಿನ ಸಂವೇದಕಗಳು. ಪಂಚೇಂದ್ರಿಯಗಳ ಪಟ್ಟಿಯಲ್ಲಿ ಹೆಸರಿಲ್ಲದ ಈ ಇಂದ್ರಿಯಕ್ಕೆ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟ. ಅದು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಬದುಕು ತೋರಿಸಿಕೊಟ್ಟಿತು. 1970ರ ದಶಕದ ಆರಂಭದಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಕಾಯಿಲೆಯೊಂದು ಅವರ ಕುತ್ತಿಗೆಯಿಂದ ಕೆಳಗಿನ ಸ್ಪರ್ಶ ಮತ್ತು ಈ ಅಂಗಸ್ಥಿತಿಯ ಅರಿವನ್ನು ಕಸಿದುಕೊಂಡಿತು. ಸ್ನಾಯುಗಳಲ್ಲಿ ಬಲವಿತ್ತು, ಆದರೆ ಕೈಕಾಲು ಎಲ್ಲಿವೆ ಎಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ಕಣ್ಣಿಂದ ನೋಡಿ ನಡೆಯುವುದನ್ನು ಅವರು ವರ್ಷಗಟ್ಟಲೆ ದುಡಿದು ಕಲಿತರು. ದೀಪ ಆರಿದರೆ ಕುಸಿದು ಬೀಳುವ ಸ್ಥಿತಿ. ಅಂಥವರು ಕುಣಿಮಗ್ಗದಲ್ಲಿ ಒಂದು ಎಳೆಯನ್ನೂ ನೇಯಲಾರರು.

ಮಗ್ಗಕ್ಕೆ ಮರಳೋಣ. ಕಣ್ಣು ದಡಿಯ ಮೇಲಿರುತ್ತದೆ, ಏಕೆಂದರೆ ದಡಿಯ ವಿನ್ಯಾಸ ಗೋಮಿಯಾಗಲಿ ಚಿಕ್ಕಿ ಪರಾಸಾಗಲಿ ತಪ್ಪು ಮೊದಲು ತೋರುವುದು ಅಲ್ಲಿ. ಕೈಗೆ ಹಾಸಿನ ಬಿಗಿ ತಿಳಿಯುತ್ತಿರುತ್ತದೆ. ಕಿವಿ ಲಾಳಿಯ ಸದ್ದಿನ ಮೇಲಿರುತ್ತದೆ. ಕಂಡಿಕೆಯ ನೂಲು ತೀರುತ್ತ ಬಂದಂತೆ ಲಾಳಿ ಹಗುರವಾಗುತ್ತದೆ, ಅದರ ಬಡಿತದ ದನಿ ಬದಲಾಗುತ್ತದೆ. ಎಳೆ ಹರಿದರೆ ಲಯ ತಪ್ಪುತ್ತದೆ. ಇಲ್ಲಿ ಮಿದುಳಿನ ಇನ್ನೊಂದು ಕೆಲಸವನ್ನು ಗಮನಿಸಬೇಕು. ಕೈಗೆ ಆಜ್ಞೆ ಕಳಿಸುವಾಗಲೇ ಅದು, ಮುಖ್ಯವಾಗಿ ಹಿಂಬದಿಯ ಸೆರೆಬೆಲ್ಲಮ್‌ನ ನೆರವಿನಿಂದ, ಈ ಆಜ್ಞೆಯಿಂದ ಯಾವ ಸದ್ದು, ಯಾವ ಸ್ಪರ್ಶ ಬರಬೇಕು ಎಂದು ಮುಂಚಿತವಾಗಿ ಲೆಕ್ಕ ಹಾಕಿಕೊಂಡಿರುತ್ತದೆ. ಲೆಕ್ಕಕ್ಕೆ ಹೊಂದಿದ್ದನ್ನು ತಗ್ಗಿಸಿ, ಹೊಂದದ್ದನ್ನು ಎತ್ತಿ ಹಿಡಿಯುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದು ಎಂಬುದಕ್ಕೆ ಇದೇ ಕಾರಣವೆಂದು ಸಾರಾ ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ 1998ರಲ್ಲಿ ಮಿದುಳಿನ ಚಿತ್ರಗಳ ಸಹಿತ ತೋರಿಸಿದರು. ನೇಕಾರ ಸಾವಿರಾರು ಬಡಿತಗಳನ್ನು ಕೇಳಿಸಿಕೊಳ್ಳದೆ, ಕೆಟ್ಟ ಒಂದೇ ಬಡಿತಕ್ಕೆ ಕೈ ನಿಲ್ಲಿಸುವುದೂ ಇದೇ ಬಲದಿಂದ.

ಇಳಕಲ್ ಸೀರೆಯ ವಿಶೇಷವೆಂದರೆ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕು. ಬೆರಳ ತುದಿಯಲ್ಲಿ ಹಿಡಿದ ಎಳೆ ಕೂದಲಷ್ಟು ಸಣ್ಣದು. ಕಣ್ಣಿಗೆ ಅದು ಹೊಳೆದು ಮರೆಯಾಗುತ್ತದೆ, ಬೆರಳಿಗೆ ಅದರ ಸೆಳೆತ ಮಾತ್ರ ನಿಚ್ಚಳ. ನುರಿತ ಕೈ ಕೊಂಡಿ ಹಾಕುತ್ತ ಹೋಗುವಾಗ ಕಣ್ಣು ಒಂದೆರಡು ಎಳೆ ಮುಂದೆ ಹೋಗಿರುತ್ತದೆ, ಬೆರಳು ಹಿಂದಿನ ಎಳೆಯನ್ನು ತಾನೇ ಮುಗಿಸುತ್ತಿರುತ್ತದೆ. ಯಾವ ಕೆಲಸ ಯಾರಿಗೆ ಎಂಬ ಹಂಚಿಕೆ ಅಲ್ಲಿ ಆಗಿಹೋಗಿದೆ. ಸಂಜೆ ಬೆಳಕು ಕುಂದಿದಂತೆ ಹಂಚಿಕೆ ಬದಲಾಗುತ್ತದೆ, ಬೆರಳಿನ ಪಾಲು ಏರುತ್ತದೆ.

ಈ ಏರಿಳಿತಕ್ಕೊಂದು ಗಣಿತವಿದೆ. 2002ರಲ್ಲಿ ಮಾರ್ಕ್ ಅರ್ನ್‌ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ ಅದನ್ನು ಅಚ್ಚುಕಟ್ಟಾಗಿ ತೋರಿಸಿದರು. ಜನರು ಒಂದು ಪಟ್ಟಿಯ ಎತ್ತರವನ್ನು ಕಣ್ಣಿಂದಲೂ ಬೆರಳಿಂದಲೂ ಏಕಕಾಲಕ್ಕೆ ಅಂದಾಜಿಸಬೇಕಿತ್ತು. ಯಂತ್ರದ ಚಳಕದಿಂದ ಕಣ್ಣಿಗೆ ಕಾಣುವ ಎತ್ತರಕ್ಕೂ ಕೈಗೆ ಸಿಗುವ ಎತ್ತರಕ್ಕೂ ತುಸು ವ್ಯತ್ಯಾಸ ಮಾಡಿದ್ದರು. ಚಿತ್ರ ಸ್ಪಷ್ಟವಾಗಿದ್ದಾಗ ಜನ ಕಣ್ಣಿನ ಕಡೆ ವಾಲಿದರು. ಚಿತ್ರವನ್ನು ಕದಡಿದಷ್ಟೂ ಕೈಯ ಕಡೆ ಸರಿದರು. ಸರಿದ ಪ್ರಮಾಣ ಸಂಖ್ಯಾಶಾಸ್ತ್ರ ಹೇಳುವ ಅತ್ಯುತ್ತಮ ಲೆಕ್ಕಕ್ಕೆ ಬಹಳ ಹತ್ತಿರವಿತ್ತು. ಲೆಕ್ಕ ಕಷ್ಟದ್ದಲ್ಲ. ಒಂದು ಕಲ್ಲಿನ ದಪ್ಪ ಕಣ್ಣಿಗೆ 50 ಮಿಲಿಮೀಟರ್, ಕೈಗೆ 55 ಮಿಲಿಮೀಟರ್ ಅನ್ನಿಸಿತೆನ್ನಿ. ಕೈಯ ಅಂದಾಜಿನ ಚೆದುರು (ವೇರಿಯನ್ಸ್) ಕಣ್ಣಿನದಕ್ಕಿಂತ ನಾಲ್ಕು ಪಟ್ಟು ಹೆಚ್ಚಾಗಿದ್ದರೆ ಕಣ್ಣಿಗೆ ನಾಲ್ಕು ಪಾಲು, ಕೈಗೆ ಒಂದು ಪಾಲು. ಒಟ್ಟು ಉತ್ತರ 51. ಈ ಕೂಡಿಸಿದ ಅಂದಾಜಿನ ಚೆದುರು ಕಣ್ಣಿನದಕ್ಕಿಂತಲೂ ಕಡಿಮೆ, ಹತ್ತಕ್ಕೆ ಎಂಟರಷ್ಟು. ದುರ್ಬಲ ಸಾಕ್ಷಿಯನ್ನೂ ಅದರ ಯೋಗ್ಯತೆಯಷ್ಟು ಕೇಳಿಸಿಕೊಂಡರೆ ತೀರ್ಪು ಸುಧಾರಿಸುತ್ತದೆ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ "ಮುಟ್ಟಿ ನೋಡ್ರೀ ಅಕ್ಕಾರ" ಎಂದು ಸೀರೆ ಬಿಡಿಸಿ ಮುಂದಿಡುವುದಕ್ಕೂ, ಕೊಳ್ಳುವವರು ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುವುದಕ್ಕೂ ಅರ್ಥವಿದೆ. ಬಟ್ಟೆಯ ನಯ ಅರಿಯಲು ಬೆರಳು ಅಡ್ಡಡ್ಡ ಸರಿಯಲೇಬೇಕು, ಸುಮ್ಮನೆ ಒತ್ತಿದರೆ ತಿಳಿಯದು. ಸೂಸನ್ ಲೆಡರ್‌ಮನ್ ಮತ್ತು ರೊಬರ್ಟಾ ಕ್ಲಾಟ್ಸ್ಕಿ 1987ರಲ್ಲಿ ಕೈಯ ಇಂಥ ಚಲನೆಗಳನ್ನು ವಿಂಗಡಿಸಿ, ಯಾವ ಗುಣ ಅರಿಯಲು ಕೈ ಹೇಗೆ ಚಲಿಸುತ್ತದೆ ಎಂದು ಬರೆದಿಟ್ಟರು. ಇಂದ್ರಿಯಗಳು ಸುದ್ದಿ ಕಾಯುತ್ತ ಕೂರುವುದಿಲ್ಲ, ಹೋಗಿ ಹುಡುಕುತ್ತವೆ.

ಹುನಗುಂದ, ಇಳಕಲ್ ಸುತ್ತಲಿನ ಕೆಂಪು ಗ್ರಾನೈಟಿನ ಕೆಲಸದಲ್ಲಿಯೂ ಇದೇ. ಕಲ್ಲು ಒಡೆಯುವವರು ಮೊದಲು ಸುತ್ತಿಗೆಯಿಂದ ಬಾರಿಸಿ ನೋಡುತ್ತಾರೆ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಬಿರುಕಿದ್ದದ್ದು ಬದ್ ಎನ್ನುತ್ತದೆ. ಅದೇ ಗಳಿಗೆಗೆ ಸುತ್ತಿಗೆಯ ಹಿಡಿಯಿಂದ ಅಂಗೈಗೆ ಬರುವ ಅದುರೂ ಬೇರೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಮತ್ತು ಅಂಗೈ ಸೇರಿ ಹಿಡಿಯುತ್ತವೆ.

ಮಿದುಳಿನಲ್ಲಿ ಇದೆಲ್ಲ ಎಲ್ಲಿ ನಡೆಯುತ್ತದೆ? ಮೊದಲ ಗಟ್ಟಿ ಉತ್ತರ ಬೆಕ್ಕಿನಿಂದ ಬಂತು. ಅಮೆರಿಕದ ಬ್ಯಾರಿ ಸ್ಟೈನ್ ಮತ್ತು ಅಲೆಕ್ಸ್ ಮೆರಿಡಿತ್ 1980ರ ದಶಕದಲ್ಲಿ ಬೆಕ್ಕಿನ ನಡುಮಿದುಳಿನ ಸುಪೀರಿಯರ್ ಕೊಲಿಕ್ಯುಲಸ್ ಎಂಬ ಭಾಗದ ನರಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಣ್ಣು, ತಲೆ, ಕಿವಿಗಳನ್ನು ಹೊಸ ಸುಳಿವಿನ ಕಡೆ ತಿರುಗಿಸುವ ಭಾಗ ಅದು. ಅಲ್ಲಿ ಒಂದೇ ನರಕೋಶ ಬೆಳಕಿಗೂ ಮಿಡಿಯುತ್ತದೆ, ಸದ್ದಿಗೂ ಮಿಡಿಯುತ್ತದೆ. ಎರಡೂ ಒಂದೇ ಜಾಗದಿಂದ, ಒಂದೇ ಹೊತ್ತಿಗೆ ಬಂದರೆ ಮಿಡಿತ ಹೆಚ್ಚುತ್ತದೆ. ಬೇರೆ ಜಾಗದಿಂದ ಬಂದರೆ ಕುಗ್ಗಲೂಬಹುದು. ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ಶೋಧ: ಬಿಡಿಬಿಡಿಯಾಗಿ ಸುಳಿವುಗಳು ಎಷ್ಟು ದುರ್ಬಲವೋ ಅವು ಕೂಡಿದಾಗ ಸಿಗುವ ಲಾಭ ಅಷ್ಟು ದೊಡ್ಡದು. ಜೋರಾದ ಸದ್ದಿಗೆ ಬೆಳಕಿನ ನೆರವು ಬೇಕಿಲ್ಲ. ಪಿಸುಮಾತಿಗೆ ಬೇಕು. ಹಾಗೆಯೇ, ಹುಟ್ಟಿದ ಬೆಕ್ಕಿನ ಮರಿಯಲ್ಲಿ ಈ ಕೂಡಿಸುವ ಶಕ್ತಿ ಇರುವುದಿಲ್ಲ. ಕತ್ತಲಲ್ಲಿಯೇ ಬೆಳೆಸಿದರೆ ಅದು ಬರುವುದೂ ಇಲ್ಲ.

ಆಮೇಲೆ ಹುಡುಕಾಟ ಮಿದುಳಿನ ಮೇಲ್ಪದರವಾದ ಕಾರ್ಟೆಕ್ಸ್‌ಗೆ ಏರಿತು. ದೃಷ್ಟಿಯ ಭಾಗ ದೃಷ್ಟಿಗೆ ಮಾತ್ರ, ಶ್ರವಣದ್ದು ಶ್ರವಣಕ್ಕೆ ಮಾತ್ರ, ಕೊನೆಯಲ್ಲೆಲ್ಲೋ ಒಂದು ಕಡೆ ಎಲ್ಲವೂ ಕೂಡುತ್ತವೆ ಎಂಬ ಹಳೆಯ ನಕ್ಷೆ ಅಳಿಸಿಹೋಗಿದೆ. ಮಂಗಗಳ ಶ್ರವಣ ಕಾರ್ಟೆಕ್ಸ್ ಕೂಡ ಕೂಗುವ ಮುಖ ಕಂಡಾಗ ಬೇರೆ ರೀತಿ ಮಿಡಿಯುತ್ತದೆ ಎಂದು ಆಸಿಫ್ ಘಜನ್‌ಫರ್ 2005ರಲ್ಲಿ ತೋರಿಸಿದರು. ಮರುವರ್ಷ ಅವರು ಚಾರ್ಲ್ಸ್ ಶ್ರೋಡರ್ ಜೊತೆ ಸೇರಿ, ಇಡೀ ಕಾರ್ಟೆಕ್ಸೇ ಬಹು ಇಂದ್ರಿಯಗಳದ್ದಲ್ಲವೇ ಎಂದು ಕೇಳಿದರು. ಅಷ್ಟು ದೂರ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. 2015ರಲ್ಲಿ ಟಿಮ್ ರೋಹೆ ಮತ್ತು ಊಟಾ ನೊಪ್ಪೆನಿ ಮನುಷ್ಯರ ಮಿದುಳಿನಲ್ಲಿ ಕಂಡದ್ದು ಹೆಚ್ಚು ನಂಬುವಂತಿದೆ: ಮೊದಲ ಹಂತದ ಭಾಗಗಳು ತಂತಮ್ಮ ಇಂದ್ರಿಯದ ಲೆಕ್ಕ ಬಹುಮಟ್ಟಿಗೆ ಬೇರೆಯಾಗಿ ಇಡುತ್ತವೆ, ಪರೈಟಲ್ ಭಾಗದ ಹಿಂದಿನ ಪ್ರದೇಶ ಅವನ್ನು ಕೂಡಿಸುತ್ತದೆ, ಅದರ ಮುಂದಿನ ಪ್ರದೇಶ ಕೂಡಿಸುವುದು ಸರಿಯೇ ಎಂದೂ ವಿಚಾರಿಸುತ್ತದೆ.

ಕೂಡಿಸುವುದು ಸರಿಯೇ ಎಂಬ ಆ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಕಂಡದ್ದೂ ಕೇಳಿದ್ದೂ ಒಂದೇ ವಸ್ತುವಿನಿಂದ ಬಂದವೇ, ಬೇರೆ ಬೇರೆಯೇ? ಕಾಲವೇ ಮೊದಲ ಸುಳಿವು. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲುಗಳ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುವುದನ್ನು ಮೇಲಿನ ಗುಹೆಗಳಿಂದ ನೋಡಿದವರಿಗೆ ಇದು ಗೊತ್ತು. ಬಟ್ಟೆ ಕಲ್ಲಿಗೆ ಬಡಿದದ್ದು ಕಾಣುತ್ತದೆ, ಕೈ ಮತ್ತೆ ಮೇಲೇಳುತ್ತಿರುವಾಗ ಸದ್ದು ಬಂದು ಮುಟ್ಟುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 200 ಮೀಟರ್ ಆಚೆಯ ಬಡಿತ ಕಿವಿಗೆ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಮಿದುಳು ಸೆಕೆಂಡಿನ ಕಾಲುಭಾಗದಷ್ಟು, ಹೆಚ್ಚೆಂದರೆ ಇನ್ನೂ ಸ್ವಲ್ಪ, ಅಂತರವನ್ನು ಕ್ಷಮಿಸಿ ಎರಡನ್ನೂ ಒಂದೆಂದು ಕಟ್ಟುತ್ತದೆ. ಅದಕ್ಕೂ ಮೀರಿದರೆ ಬಿಡಿಸುತ್ತದೆ. ಹತ್ತಿರದಲ್ಲಿ ಇನ್ನೊಂದು ಸೋಜಿಗವಿದೆ. ಬೆಳಕು ಬೇಗ ಬರುತ್ತದೆ ನಿಜ, ಆದರೆ ಅಕ್ಷಿಪಟಲ ಅದನ್ನು ನರದ ಮಿಡಿತವಾಗಿಸಲು ಹತ್ತಾರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಕಿವಿಗೆ ಅಷ್ಟು ಹೊತ್ತು ಬೇಡ. ಹೀಗಾಗಿ ಸುಮಾರು ಹತ್ತು ಮೀಟರ್ ದೂರದ ಘಟನೆಯ ನೋಟ ಮತ್ತು ಸದ್ದು ಮಿದುಳನ್ನು ಹೆಚ್ಚುಕಡಿಮೆ ಒಟ್ಟಿಗೆ ಮುಟ್ಟುತ್ತವೆ.

ಜಾಗ ಎರಡನೆಯ ಸುಳಿವು, ಇಲ್ಲಿ ಮಿದುಳು ಸುಲಭವಾಗಿ ಮೋಸಹೋಗುತ್ತದೆ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಟೆಂಟಿನೊಳಗೆ ಕೂತವರಿಗೆ ಮಾತು ಬರುವುದು ಪಕ್ಕದಲ್ಲಿ ಕಟ್ಟಿದ ಸ್ಪೀಕರಿನಿಂದ. ಆದರೆ ಖಳನಾಯಕನ ಅಬ್ಬರ ಅವನ ಬಾಯಿಂದಲೇ, ನಾಯಕಿಯ ಅಳು ಅವಳ ಗಂಟಲಿಂದಲೇ ಬಂದಂತೆ ಕೇಳುತ್ತದೆ. ಕಣ್ಣು ಮುಚ್ಚಿದ ಕೂಡಲೇ ದನಿ ಸ್ಪೀಕರಿಗೆ ಜಿಗಿಯುತ್ತದೆ. ಜಾಗ ಗುರುತಿಸುವುದರಲ್ಲಿ ಕಣ್ಣು ಕಿವಿಗಿಂತ ಬಹಳ ನಿಖರ, ಹಾಗಾಗಿ ಕಿವಿಯ ಅಂದಾಜನ್ನು ಅದು ತನ್ನ ಕಡೆ ಎಳೆದುಕೊಳ್ಳುತ್ತದೆ. ಇದನ್ನು ಕಣ್ಣಿನ ಸಹಜ ಯಜಮಾನಿಕೆ ಎಂದೇ ಬಹುಕಾಲ ತಿಳಿದಿದ್ದರು. 2004ರಲ್ಲಿ ಡೇವಿಡ್ ಅಲೈಸ್ ಮತ್ತು ಡೇವಿಡ್ ಬರ್ ದೃಶ್ಯವನ್ನು ತೀರಾ ಮಸುಕಾಗಿಸಿ ನೋಡಿದರು. ಆಗ ಕಿವಿಯೇ ಕಣ್ಣನ್ನು ಎಳೆಯಿತು. ಯಜಮಾನಿಕೆ ಯಾರದೂ ಅಲ್ಲ, ಆ ಹೊತ್ತಿನ ಭರವಸೆಯದು. ಕಾಲದ ವಿಷಯಕ್ಕೆ ಬಂದರೆ ಕಿವಿ ಮೇಲು. 2000ದಲ್ಲಿ ಲದನ್ ಶಮ್ಸ್ ಮತ್ತು ಸಂಗಡಿಗರು ಒಂದೇ ಮಿಂಚಿನ ಜೊತೆ ಎರಡು ಬೀಪ್ ಸದ್ದು ಕೊಟ್ಟಾಗ ಜನರಿಗೆ ಎರಡು ಮಿಂಚು ಕಂಡವು.

ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗವಂತೂ ಪ್ರಸಿದ್ಧ. ಕಿವಿಗೆ "ಬ" ಕೇಳಿಸಿ, ಕಣ್ಣಿಗೆ "ಗ" ಎನ್ನುವ ತುಟಿಗಳನ್ನು ತೋರಿಸಿದರೆ ಬಹಳ ಜನರಿಗೆ ಕೇಳುವುದು "ದ" ಅಥವಾ "ಡ". ಎರಡರಲ್ಲಿ ಯಾವುದೂ ಅಲ್ಲದ ಮೂರನೆಯದು. ಮಾತು ಕೇಳಿಸಿಕೊಳ್ಳುವುದರಲ್ಲಿ ಕಣ್ಣಿನ ಪಾಲು ಎಷ್ಟಿದೆ ಎಂಬುದು ಕೊರೊನಾ ಕಾಲದಲ್ಲಿ ಮಾಸ್ಕಿನ ಹಿಂದಿನ ಮಾತು ತಿಳಿಯದೆ ಒದ್ದಾಡಿದ ಎಲ್ಲ ಹಿರಿಯರಿಗೂ ಗೊತ್ತು.

ಊಟದಲ್ಲೂ ಈ ಕೂಡಾಟವಿದೆ. ಖಡಕ್ ರೊಟ್ಟಿಯ ರುಚಿಯಲ್ಲಿ ಅರ್ಧ ಅದರ ಸದ್ದು. ಮ್ಯಾಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಆಲೂಗಡ್ಡೆ ಚಿಪ್ಸ್ ತಿನ್ನುವವರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ಕಡಿತದ ಸದ್ದನ್ನು ಏರಿಸಿ ಇಳಿಸಿ ಕೇಳಿಸಿದರು. ಸದ್ದು ಏರಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ ಅನ್ನಿಸಿತು. ಮೆತ್ತಗಾದ ರೊಟ್ಟಿ ಸಪ್ಪೆ ಅನ್ನಿಸುವುದರಲ್ಲಿ ನಾಲಿಗೆಯ ತಪ್ಪಿಲ್ಲ.

ಇಂದ್ರಿಯಗಳ ಹೊಂದಾಣಿಕೆ ಹುಟ್ಟಿನಿಂದ ಬಂದದ್ದೇ, ಕಲಿತದ್ದೇ ಎಂಬ ವಿವಾದ ಮುನ್ನೂರು ವರ್ಷಕ್ಕೂ ಹಳೆಯದು. ಗೋಳ ಮತ್ತು ಘನಗಳನ್ನು ಮುಟ್ಟಿ ಮಾತ್ರ ಬಲ್ಲ ಹುಟ್ಟುಕುರುಡನಿಗೆ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಅವನು ಯಾವುದು ಯಾವುದೆಂದು ಹೇಳಬಲ್ಲನೇ ಎಂದು ಐರ್ಲೆಂಡಿನ ವಿಲಿಯಂ ಮಾಲಿನ್ಯೂ 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರ ಬರೆದು ಕೇಳಿದ. ಇದಕ್ಕೆ ಉತ್ತರ ಸಿಕ್ಕಿದ್ದು ಭಾರತದಲ್ಲೇ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಕುರುಡಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಕೊಡಿಸಿ ದೃಷ್ಟಿ ತರುವ ಕಾರ್ಯ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 8ರಿಂದ 17 ವಯಸ್ಸಿನ ಐವರು ಮಕ್ಕಳಿದ್ದರು. ಕಂಡದ್ದನ್ನು ಕಂಡದ್ದಕ್ಕೆ, ಮುಟ್ಟಿದ್ದನ್ನು ಮುಟ್ಟಿದ್ದಕ್ಕೆ ಅವರು ಸರಿಯಾಗಿ ಹೊಂದಿಸಿದರು. ಮುಟ್ಟಿದ್ದನ್ನು ಕಂಡದ್ದಕ್ಕೆ ಹೊಂದಿಸಲು ಮೊದಲಿಗೆ ಆಗಲಿಲ್ಲ. ಕೆಲವೇ ದಿನಗಳಲ್ಲಿ, ಯಾರೂ ಹೇಳಿಕೊಡದೆ, ಆಯಿತು. ಕೊಂಡಿ ಹುಟ್ಟಿನಿಂದ ಇರುವುದಿಲ್ಲ, ಆದರೆ ಅವಕಾಶ ಸಿಕ್ಕರೆ ಬೇಗ ಬೀಳುತ್ತದೆ. ಆಮೇಲೆ ಇಥಿಯೋಪಿಯಾದಲ್ಲಿ ತಡವಾಗಿ ಕಣ್ಣಿನ ಚಿಕಿತ್ಸೆ ಪಡೆದ ಮಕ್ಕಳ ಅಧ್ಯಯನವೂ, ಕಣ್ಣು ಮತ್ತು ಕೈಯ ಅಂದಾಜುಗಳನ್ನು ಸರಿಯಾದ ತೂಕದಲ್ಲಿ ಕೂಡಿಸುವುದನ್ನು ಅವರು ಕಲಿಯಬಲ್ಲರು ಎಂದು ತೋರಿಸಿತು. ಕಣ್ಣು ಕಾಣುವ ಮಕ್ಕಳೂ ಇದನ್ನು ಪೂರ್ತಿ ಕಲಿಯುವುದು ಎಂಟು ಹತ್ತು ವರ್ಷದ ಹೊತ್ತಿಗೆ ಎಂದು ಮೋನಿಕಾ ಗೋರಿ 2008ರಲ್ಲಿ ಕಂಡುಕೊಂಡರು. ಬಸ್ಸು ಎಷ್ಟು ದೂರದಲ್ಲಿದೆ, ರಸ್ತೆ ದಾಟಬಹುದೇ ಎಂಬ ತೀರ್ಮಾನವನ್ನು ಆರು ವರ್ಷದ ಮಗುವಿಗೆ ಬಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಕಣ್ಣಿನ ಮಾತು ಬಂದಾಗ ಬೀಳಗಿಯ ಮಗನನ್ನು ನೆನೆಯದೆ ಮುಂದೆ ಹೋಗಲಾಗದು. ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರಲ್ಲಿ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯಲ್ಲಿ. ಊರೂರಿಗೆ ಹೋಗಿ ಶಿಬಿರ ಹೂಡಿ ಕಣ್ಣಿನ ಪೊರೆ ತೆಗೆದವರು. ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಅವರು ತೆಗೆದದ್ದು ಕಣ್ಣಿನ ಪೊರೆ, ಮರಳಿ ಕೊಟ್ಟದ್ದು ಕೈಗೆ ಕೆಲಸ, ಕಾಲಿಗೆ ದಾರಿ.

ಕಣ್ಣು ಬರಲೇ ಇಲ್ಲವೆಂದರೂ ಮಿದುಳಿನ ಆ ಭಾಗ ಪಾಳು ಬೀಳುವುದಿಲ್ಲ. ಬ್ರೈಲ್ ಓದುವ ಅಂಧರ ದೃಷ್ಟಿ ಕಾರ್ಟೆಕ್ಸ್ ಬೆರಳಿನ ಸ್ಪರ್ಶಕ್ಕೆ ಚುರುಕಾಗುತ್ತದೆ ಎಂದು ನೊರಿಹಿರೊ ಸದಾಟೊ 1996ರಲ್ಲಿ ತೋರಿಸಿದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಸ್ವರದ ಏರಿಳಿತವನ್ನು ಉಳಿದವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಎಂಬುದು 2004ರ ಇನ್ನೊಂದು ಶೋಧ. ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮ ಇದನ್ನು ಪ್ರಯೋಗಾಲಯವಿಲ್ಲದೆ ದಶಕಗಳ ಕಾಲ ಬದುಕಿ ತೋರಿಸಿದೆ. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಅವರ ನೆರಳಿನಲ್ಲಿ ಕಲಿತ ಅಂಧ ಮಕ್ಕಳು ಉತ್ತರ ಕರ್ನಾಟಕದ ಸಂಗೀತವನ್ನೇ ಕಟ್ಟಿದರು.

ಸಮತೋಲದ ವಿಷಯಕ್ಕೆ ಬಂದರೆ ಕಣ್ಣು, ಒಳಗಿವಿ, ಪಾದ ಮೂರೂ ಒಪ್ಪಬೇಕು. ಬಾದಾಮಿ ಬಸ್ಸಿನಲ್ಲಿ ಮೊಬೈಲು ನೋಡುತ್ತ ಕೂತ ಹುಡುಗನಿಗೆ ವಾಕರಿಕೆ ಬರುವುದು ಒಳಗಿವಿ ಚಲಿಸುತ್ತಿದ್ದೇವೆ ಎನ್ನುವಾಗ ಕಣ್ಣು ಇಲ್ಲ ಎನ್ನುವುದರಿಂದ. ಕಿಟಕಿಯಾಚೆ ದೂರದ ಗುಡ್ಡ ನೋಡಿದರೆ ಜಗಳ ಹರಿಯುತ್ತದೆ. 1974ರಲ್ಲಿ ಡೇವಿಡ್ ಲೀ ಮತ್ತು ಅರಾನ್ಸನ್ ನೆಲ ಬಿಟ್ಟು ಗೋಡೆಗಳು ಮಾತ್ರ ಸರಿಯುವ ಕೋಣೆ ಕಟ್ಟಿ, ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಒಳಗೆ ನಿಲ್ಲಿಸಿದರು. ಗೋಡೆ ಸರಿದ ಕೂಡಲೇ ಮಕ್ಕಳು ಓಲಾಡಿದರು, ಬಿದ್ದರು. ನೆಲ ಅಲುಗಿರಲೇ ಇಲ್ಲ.

ತಾನು ಎಲ್ಲಿದ್ದೇನೆ ಎಂಬ ಅರಿವೂ ಹೀಗೇ ಕಟ್ಟಿದ್ದು. ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಜಾಗಗಳನ್ನು ಗುರುತಿಡುವ ನರಕೋಶಗಳಿವೆ ಎಂದು ಜಾನ್ ಓಕೀಫ್ 1971ರಲ್ಲಿ ಕಂಡರು. 2014ರ ನೊಬೆಲ್ ಪ್ರಶಸ್ತಿಯನ್ನು ಅವರು ಮೋಸರ್ ದಂಪತಿಯೊಂದಿಗೆ ಹಂಚಿಕೊಂಡರು. ಆ ಕೋಶಗಳು ಕಂಡ ಗುರುತನ್ನೂ ನಡೆದ ಹೆಜ್ಜೆಯನ್ನೂ ಸೇರಿಸಿ ನಕ್ಷೆ ಬರೆಯುತ್ತವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಮುದುಕರನ್ನು ನೆನೆದಾಗ ನನಗೆ ಇದು ತಟ್ಟುತ್ತದೆ. ಹಳೆಯ ಮನೆಯಲ್ಲಿ ಕರೆಂಟು ಹೋದರೂ ಕಾಲು ಹೊಸ್ತಿಲು ತಪ್ಪುತ್ತಿರಲಿಲ್ಲ, ಕೈ ಕಡ್ಡಿಪೆಟ್ಟಿಗೆಯನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಮುಳುಗಡೆಯ ಪರಿಹಾರದ ಯಾವ ಪಟ್ಟಿಯಲ್ಲೂ ಈ ನಷ್ಟ ಬರೆದಿಲ್ಲ.

ನಮ್ಮ ನಾಡಿನವರ ಕೊಡುಗೆ ಈ ಕ್ಷೇತ್ರದಲ್ಲಿ ಸಣ್ಣದಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ದುಡಿದ ಮಂಡ್ಯಂ ಶ್ರೀನಿವಾಸನ್, ಜೇನುಹುಳ ಎರಡೂ ಕಣ್ಣುಗಳ ಪಕ್ಕ ಸರಿದುಹೋಗುವ ದೃಶ್ಯದ ವೇಗವನ್ನು ಸರಿದೂಗಿಸಿಕೊಂಡು ಕಿರಿದಾದ ಸಂದಿಯ ನಡುವೆ ಹಾರುತ್ತದೆ, ಹಾರಿದ ದೂರವನ್ನೂ ಆ ಸರಿತದಿಂದಲೇ ಅಳೆಯುತ್ತದೆ ಎಂದು ತೋರಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸಂಜಯ್ ಸಾನೆ, ಪತಂಗಗಳು ಮೀಸೆಗಳಿಂದ ಮೈಯ ಓಲಾಟವನ್ನು ಅರಿತು ಹಾರಾಟ ಸರಿಪಡಿಸಿಕೊಳ್ಳುತ್ತವೆ ಎಂದು 2007ರಲ್ಲಿ ಪ್ರಕಟಿಸಿದರು. ಮುಂದೆ ಅವರೂ ತರುಣಿ ರಾಯ್ ಖುರಾನಾ ಅವರೂ ಜೇನುಹುಳ ತನ್ನ ಮೀಸೆಯ ನಿಲುವನ್ನು ಗಾಳಿಯ ಹರಿವು ಮತ್ತು ಕಣ್ಣಿನ ಸುಳಿವು ಎರಡರಿಂದಲೂ ಹೊಂದಿಸಿಕೊಳ್ಳುವುದನ್ನು ಬಿಡಿಸಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಕಣ್ಣು ಮತ್ತು ಕೈಗಳ ಚಲನೆ ಹೇಗೆ ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ಅಭ್ಯಸಿಸುತ್ತ ಬಂದಿದ್ದಾರೆ.

ಎಲ್ಲ ಪ್ರಶ್ನೆಗಳೂ ಬಗೆಹರಿದಿಲ್ಲ. ಮಿದುಳು ನಿಜಕ್ಕೂ ಅತ್ಯುತ್ತಮ ಲೆಕ್ಕಿಗನೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಡೋಬಿ ರಾನೇವ್ ಮತ್ತು ರೇಚಲ್ ಡೆನಿಸನ್ 2018ರಲ್ಲಿ, ಜನರ ತೀರ್ಮಾನಗಳು ಅತ್ಯುತ್ತಮ ಲೆಕ್ಕದಿಂದ ಎಷ್ಟೊಂದು ಕಡೆ ದೂರ ಸರಿಯುತ್ತವೆ ಎಂಬುದನ್ನು ಒಟ್ಟುಗೂಡಿಸಿ ತೋರಿಸಿದರು. ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಬಹುಪಾಲು ಪ್ರಯೋಗಗಳಲ್ಲಿ ಕೂರುವುದು ಕಾಲೇಜು ವಿದ್ಯಾರ್ಥಿಗಳು, ಪರದೆಯ ಮುಂದೆ, ಅಲ್ಪ ಕಾಲ. ಮೂವತ್ತು ವರ್ಷ ಕೊಂಡಿ ಹಾಕಿದ ಬೆರಳು, ಮೂವತ್ತು ವರ್ಷ ಕಲ್ಲು ಬಾರಿಸಿದ ಕಿವಿ ಆ ಕೋಣೆಗಳಿಗೆ ಹೋಗಬೇಕು. ಅದಕ್ಕಿಂತ ಒಳ್ಳೆಯದು, ಆ ಕೋಣೆಗಳೇ ಮಗ್ಗದ ಬಳಿಗೆ ಬರುವುದು.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. ರಬಕವಿ ಬನಹಟ್ಟಿಯಲ್ಲೂ ಜಿಲ್ಲೆಯ ಇತರ ನೇಕಾರಿಕೆಯ ಊರುಗಳಲ್ಲೂ ಪವರ್‌ಲೂಮುಗಳಿವೆ. ಅಂಥ ಶೆಡ್ಡುಗಳ ಗದ್ದಲ 90 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಗೆ ಒಪ್ಪುವ ಮಿತಿಯೇ 90. ಒಳಗೆ ದುಡಿಯುವವರು ಪರಸ್ಪರ ತುಟಿ ನೋಡಿ, ಕೈಸನ್ನೆಯಿಂದ ಮಾತಾಡುತ್ತಾರೆ. ಗದ್ದಲ ಏರಿದಷ್ಟೂ ಮುಖ ನೋಡುವ ಲಾಭ ಏರುತ್ತದೆ ಎಂದು ಸಂಬಿ ಮತ್ತು ಪೊಲಾಕ್ 1954ರಲ್ಲೇ ಅಳೆದಿದ್ದರು. ಆದರೆ ಈ ನೆರವಿನ ಮರೆಯಲ್ಲಿ ಕಿವಿ ಕೆಡುತ್ತಿರುವುದು ಬಹುಕಾಲ ಗೊತ್ತೇ ಆಗುವುದಿಲ್ಲ. ನಲವತ್ತು ದಾಟುವ ಹೊತ್ತಿಗೆ ಹತ್ತಿರದ ದೃಷ್ಟಿ ಮಸುಕಾಗುತ್ತದೆ, ಆಮೇಲೆ ಪೊರೆ ಬರುತ್ತದೆ, ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶ ಕುಂದುತ್ತದೆ. ಒಂದಕ್ಕೊಂದು ಆಸರೆಯಾಗಿದ್ದವು ಒಟ್ಟಿಗೆ ಸಡಿಲವಾಗುತ್ತವೆ. ಅಮೆರಿಕದಲ್ಲಿ ಫ್ರಾಂಕ್ ಲಿನ್ ಮತ್ತು ಲುಯಿಜಿ ಫೆರೂಚಿ 2012ರಲ್ಲಿ ಪ್ರಕಟಿಸಿದಂತೆ, ಅಲ್ಪ ಪ್ರಮಾಣದ ಕಿವುಡು ಇದ್ದವರಲ್ಲಿ ಬಿದ್ದಿದ್ದೇವೆ ಎಂದು ಹೇಳುವ ಸಂಭವ ಸುಮಾರು ಮೂರು ಪಟ್ಟು. ಕಿವುಡೇ ಬೀಳಿಸಿತು ಎಂದು ಇದರಿಂದ ಸಾಬೀತಾಗದು, ಆದರೆ ಎಚ್ಚರಿಕೆಗೆ ಸಾಕು.

ನಮ್ಮಲ್ಲಿ ಕಣ್ಣಿನ ಶಿಬಿರಗಳು ನಡೆಯುತ್ತವೆ, ಅದು ಡಾ. ಮೋದಿಯವರಂಥವರು ಹಾಕಿಕೊಟ್ಟ ಹಾದಿ. ಅದೇ ಶಿಬಿರದಲ್ಲಿ, ಅದೇ ದಿನ, ಕಿವಿಯನ್ನೂ ಪಾದದ ಸ್ಪರ್ಶವನ್ನೂ ನಿಂತ ನಿಲುವನ್ನೂ ಪರೀಕ್ಷಿಸಬೇಕು. ಅಕ್ಷರ ಫಲಕದ ಜೊತೆಗೆ ಒಂದು ಆಡಿಯೊಮೀಟರ್, ಒಂದು ಟ್ಯೂನಿಂಗ್ ಫೋರ್ಕ್, ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುವ ರಾಂಬರ್ಗ್ ಪರೀಕ್ಷೆ ಇದ್ದರೆ ಸಾಕು. ನೇಕಾರರ ಸಹಕಾರ ಸಂಘಗಳು, ಗ್ರಾನೈಟ್ ಮಾಲೀಕರು, ಜಿಲ್ಲೆಯ ವೈದ್ಯಕೀಯ ಕಾಲೇಜು, ಆರೋಗ್ಯ ಇಲಾಖೆ ಸೇರಿದರೆ ಇದು ಈ ವರ್ಷವೇ ಆಗುವ ಕೆಲಸ. ಶೆಡ್ಡಿನಲ್ಲಿ ದುಡಿಯುವವರು ಮನೆಯಲ್ಲಿದ್ದರೆ ಅವರ ಕಿವಿಗೆ ಇವತ್ತೇ ರಕ್ಷಣೆ ತಂದುಕೊಡಿ, ನಲವತ್ತು ದಾಟಿದ್ದರೆ ಕಣ್ಣು ಮತ್ತು ಕಿವಿ ಎರಡನ್ನೂ ತೋರಿಸಿ.